ಲೋಕವಿಚಾರ: ರೈಲ್ವೆಯ ಉದ್ಯೋಗ

ಮನೆಯ ಹುಡುಗನಿಗೆ ರೈಲ್ವೆಯಲ್ಲಿ ಕೆಲಸ ದೊರೆತರೆ ಆ ಮನೆಗೆ ಅನ್ನದ ಚಿಂತೆ ತಪ್ಪಿತೆಂಬ ನಂಬಿಕೆಯು ನಮ್ಮಲ್ಲಿ ಬಹುಕಾಲದಿಂದ ಬೇರೂರಿರುವುದು. ಪ್ರಯಾಣಿಕರು ಹೆಚ್ಚಿದಂತೆ ನೌಕರರೂ ಹೆಚ್ಚುವರೆಂದು ಅನೇಕರು ತಿಳಿದಿರುವರು. ಲೋಕದ ಅನುಭವವು ಹಾಗಿಲ್ಲವಾದುದರಿಂದ ಈ ತಿಂಗಳು ಆ ವಿಷಯವನ್ನು ವಾಚಕರ ಮುಂದಿಡುವೆವು.

1948ರಲ್ಲಿ ಬ್ರಿಟನ್ನಿನ ರೈಲುಗಳು ಸರಕಾರದ ವಶವಾದಾಗ ಅವುಗಳಲ್ಲಿ ದುಡಿಯುವವರು 6 ಲಕ್ಷಕ್ಕೂ ಮಿಕ್ಕಿದ್ದರು. ಉಗಿಯಂತ್ರಕ್ಕೆ ಚಾಲಕನಲ್ಲದೆ ಕಲ್ಲಿದ್ದಲನ್ನು ಒಲೆಗೆ ಹಾಕುವ ಫೈರ್‌ಮನ್ನನೂ ಬೇಕು. ಬೂದಿ ತೆಗೆಯಲು, ಬಾಯ್ಲರ್ ತೊಳೆಯಲು ಶೆಡ್ಡಿನಲ್ಲಿ ಬೇರೆ ಆಳುಗಳು ಬೇಕು. ಡೀಸೆಲ್ ಮತ್ತು ವಿದ್ಯುತ್ ಯಂತ್ರಗಳು ಬಂದು, 1968ರಲ್ಲಿ ಉಗಿಬಂಡಿಯು ಅಲ್ಲಿನ ಮುಖ್ಯ ಮಾರ್ಗಗಳನ್ನು ಬಿಟ್ಟಿತು. ಸರಕು ಲಾರಿಗಳ ಪಾಲಾಯಿತು. ಅನೇಕ ಶಾಖಾಮಾರ್ಗಗಳು ಮುಚ್ಚಿದುವು. 1990ರ ದಶಕದಲ್ಲಿ ರೈಲುಗಳು ಖಾಸಗಿಯವರ ಕೈ ಸೇರುವ ಹೊತ್ತಿಗೆ ನೌಕರರು ಒಂದೂವರೆ ಲಕ್ಷಕ್ಕಿಂತ ಕಡಿಮೆಯಾಗಿದ್ದರು. ಆ ಬಳಿಕ ಪ್ರಯಾಣಿಕರ ಸಂಖ್ಯೆಯು 1948ರದನ್ನೂ ಮೀರಿತು. ಫೈರ್‌ಮನ್ನನ ಕೆಲಸ ಮಾತ್ರ ಮರಳಲಿಲ್ಲ.

ಜಪಾನಿನ ಸಂಗತಿಯು ಇನ್ನೂ ಕಠಿನವಾದುದು. 1980ರ ಸುಮಾರಿಗೆ ಅಲ್ಲಿನ ರಾಷ್ಟ್ರೀಯ ರೈಲ್ವೆಯಲ್ಲಿ 4 ಲಕ್ಷದಷ್ಟು ಜನರಿದ್ದರು. ಸಾಲದ ಹೊರೆಯನ್ನು ತಾಳಲಾರದೆ 1987ರಲ್ಲಿ ಅದನ್ನು ಹಲವು ಕಂಪನಿಗಳಾಗಿ ಒಡೆದಾಗ, ಅವು ಸೇರಿಸಿಕೊಂಡುದು ಸುಮಾರು 2 ಲಕ್ಷ ಜನರನ್ನು. 1990ರಲ್ಲಿ ಕೆಲಸ ಕಳೆದುಕೊಂಡ 1,047 ಮಂದಿಯ ವ್ಯಾಜ್ಯವು ಇತ್ಯರ್ಥಕ್ಕೆ ಬಂದುದು 2010ರಲ್ಲಿ. ಒಂದು ಸಂಸಾರಕ್ಕೆ ಇಪ್ಪತ್ತು ವರ್ಷವೆಂದರೆ ಸ್ವಲ್ಪವೇ?

ಪ್ಯಾರಿಸ್ ನಗರವು ಬೇರೆ ದಾರಿ ಹಿಡಿಯಿತು. 1900ರಲ್ಲಿ ತೆರೆದ ಅಲ್ಲಿನ ಮೊದಲನೆಯ ಮೆಟ್ರೋ ಮಾರ್ಗವು 2012ರ ಕೊನೆಗೆ ಪೂರ್ತಿಯಾಗಿ ಚಾಲಕರಿಲ್ಲದೆ ಓಡತೊಡಗಿತು. ಆದರೆ ಚಾಲಕರನ್ನು ಬೀದಿಗೆ ಬಿಡದೆ ಬೇರೆ ಕೆಲಸಗಳಿಗೆ ಹಚ್ಚಿದರು. ಯಂತ್ರವು ಒಂದೇ, ಅದನ್ನು ತರುವವರ ವಿವೇಕದಲ್ಲಿ ಭೇದವಿರುವುದು.

ನಮ್ಮ ದೇಶದಲ್ಲಿ 1990-91ರಲ್ಲಿ ರೈಲ್ವೆ ನೌಕರರು ಸುಮಾರು 16.5 ಲಕ್ಷವಿದ್ದರು, ಈಗ ಸುಮಾರು 12 ಲಕ್ಷ. ಪ್ರಯಾಣಿಕರೋ, 2019ರ ಹೊತ್ತಿಗೆ ಇಮ್ಮಡಿಗೂ ಮಿಕ್ಕಿದ್ದರು. ಇಲ್ಲಿ ಇದ್ದವರನ್ನು ಹೊರದೂಡಿದುದಲ್ಲ. ನಿವೃತ್ತರಾದವರ ಸ್ಥಾನಗಳನ್ನೆಲ್ಲ ತುಂಬಲಿಲ್ಲ. ಆದುದರಿಂದ ಪೆಟ್ಟು ಬಿದ್ದುದು ಇನ್ನೂ ಕೆಲಸ ಸೇರದ ತರುಣರ ಮೇಲೆ. 2019ರಲ್ಲಿ ಸುಮಾರು 35 ಸಾವಿರ ಸ್ಥಾನಗಳಿಗೆ ಸುಮಾರು 1.25 ಕೋಟಿ ಅರ್ಜಿಗಳು ಬಂದುವು. ಒಂದು ಸ್ಥಾನಕ್ಕೆ ಮುನ್ನೂರೈವತ್ತು ಜನ! ಆ ಪರೀಕ್ಷೆಯ ಫಲಿತಾಂಶದ ಕ್ರಮಕ್ಕಾಗಿ 2022ರ ಜನವರಿಯಲ್ಲಿ ಬಿಹಾರದ ತರುಣರು ಹಳಿಗಳ ಮೇಲೆಯೇ ಕುಳಿತರು. ಕೆಲಸ ಹೋದವನ ಕಷ್ಟವನ್ನು ಲೋಕವು ಕಾಣುವುದು. ಕಾಯುವವನ ಕಷ್ಟವನ್ನು ಅವನ ಮನೆಯವರು ಮಾತ್ರ ಬಲ್ಲರು.

ರೈಲ್ವೆಯ ಆಸೆಯನ್ನೇ ತೊರೆಯಿರೆಂದು ನಾವು ಹೇಳುವುದಿಲ್ಲ. ಹಳಿ, ಸಿಗ್ನಲ್ಲು, ವಿದ್ಯುತ್ತು, ಇವುಗಳನ್ನು ಬಲ್ಲ ಕೈಗಳು ಮುಂದೆಯೂ ಬೇಕಾಗುವುವು. ಆದರೆ ಪರೀಕ್ಷೆಗೆ ಓದುವ ಹುಡುಗನು ಜತೆಯಲ್ಲಿಯೇ ಒಂದು ಕಸುಬನ್ನೂ ಕಲಿಯುವಂತೆ ಹಿರಿಯರು ನೋಡಿಕೊಳ್ಳಬೇಕು. ಆ ವಿದ್ಯೆಯು ರೈಲ್ವೆಯಲ್ಲಿ ಕೆಲಸ ದೊರೆತರೂ ಬೇಕು, ದೊರೆಯದಿದ್ದರೂ ಅನ್ನಕ್ಕೆ ದಾರಿಯಾಗುವುದು.