ಓದಿ ಬಿಟ್ಟ ಪುಸ್ತಕ, ಓದದೆ ಬಿಟ್ಟ ಪುಸ್ತಕ

ಕೆಲವು ವಾರಗಳ ಹಿಂದೆ ಜುಮಾ ನಮಾಝ್ ಮುಗಿಸಿ ಹೊರಬರುತ್ತಿದ್ದಾಗ ಪರಿಚಿತರೊಬ್ಬರು ನಮ್ಮನ್ನು ನಿಲ್ಲಿಸಿ ತಮ್ಮ ಮಗಳ ಬಗ್ಗೆ ದೂರು ಹೇಳಿದರು. ಪಿಯುಸಿಯಲ್ಲಿ ಕಲಿಯುತ್ತಿರುವ ಆ ಹುಡುಗಿಗೆ ಪುಸ್ತಕವೆಂದರೆ ಪ್ರಾಣ. ಊರಿನ ಗ್ರಂಥಾಲಯದಿಂದ ವಾರಕ್ಕೆ ಎರಡು ಮೂರು ಪುಸ್ತಕಗಳನ್ನು ತರುತ್ತಾಳೆ. "ಆದರೆ ಉಸ್ತಾದ್, ಅರ್ಧದಷ್ಟನ್ನು ನಡುವೆಯೇ ಬಿಟ್ಟುಬಿಡುತ್ತಾಳೆ. ಹಿಡಿದ ಕೆಲಸವನ್ನು ಮುಗಿಸದ ಈ ಚಾಳಿ ಸರಿಯೇ?" ಎಂದು ಕೇಳಿದರು. ಅಂಗಳದಲ್ಲಿ ನಿಂತು ನಾವು ಕೊಟ್ಟ ಉತ್ತರ ಚಿಕ್ಕದಾಗಿತ್ತು. ಪ್ರಶ್ನೆ ಮಾತ್ರ ನಮ್ಮ ಜೊತೆ ಮನೆಯವರೆಗೂ ಬಂತು.

ನಾವು ಓದು ಕಲಿತದ್ದು ಪಳ್ಳಿ ದರ್ಸ್‌ನಲ್ಲಿ. ಅಲ್ಲಿ ಪುಸ್ತಕದ ಆಯ್ಕೆ ವಿದ್ಯಾರ್ಥಿಗೆ ಸೇರಿದ್ದಲ್ಲ. ಯಾವ ಕಿತಾಬ್ ಮೊದಲು, ಯಾವುದು ಅನಂತರ ಎಂಬುದನ್ನು ಉಸ್ತಾದರೇ ನಿರ್ಧರಿಸುತ್ತಿದ್ದರು. ಫತ್‌ಹುಲ್ ಮುಈನ್ ಆರಂಭವಾಯಿತೆಂದರೆ ಅದರ ಸಾಲು ಸಾಲನ್ನೂ ಅವರ ಮುಂದೆ ಓದಿ, ಅರ್ಥ ಹೇಳಿ, ತಪ್ಪನ್ನು ತಿದ್ದಿಸಿಕೊಂಡು ಮುಂದೆ ಸಾಗಬೇಕಿತ್ತು. ಕಷ್ಟವೆಂದೋ ಬೇಸರವೆಂದೋ ಕಿತಾಬನ್ನು ಮುಚ್ಚಿಡುವ ಸ್ವಾತಂತ್ರ್ಯ ಯಾರಿಗೂ ಇರಲಿಲ್ಲ. ಆ ಶಿಸ್ತಿನ ಋಣ ಇಂದಿಗೂ ನಮ್ಮ ಮೇಲಿದೆ.

ಮುಂದೆ ಬಿ.ಎ.ಯಲ್ಲಿ ಕನ್ನಡವನ್ನು ಆರಿಸಿಕೊಂಡು ಕಾಲೇಜಿನ ಗ್ರಂಥಾಲಯಕ್ಕೆ ಕಾಲಿಟ್ಟಾಗ ದಿಕ್ಕು ತೋಚದಂತಾಯಿತು. ಕಪಾಟುಗಳ ತುಂಬ ಪುಸ್ತಕಗಳು. 'ಇದನ್ನು ಓದು' ಎನ್ನಲು ಪಕ್ಕದಲ್ಲಿ ಉಸ್ತಾದರಿಲ್ಲ. ಕೈಗೆ ಸಿಕ್ಕಿದ್ದನ್ನು ತಂದೆವು. ತಂದದ್ದನ್ನು ಮುಗಿಸದಿದ್ದರೆ ಅಪರಾಧವೆಂದು ಭಾವಿಸಿ ಸತ್ವಹೀನ ಕಾದಂಬರಿಗಳನ್ನೂ ಕೊನೆಯ ಪುಟದವರೆಗೆ ಎಳೆದೆವು. ಆ ವರ್ಷಗಳಲ್ಲಿ ಓದಬಹುದಾಗಿದ್ದ ಒಳ್ಳೆಯ ಕೃತಿಗಳೆಷ್ಟು ಉಳಿದುಹೋದವು ಎಂಬುದನ್ನು ನೆನೆದರೆ ಈಗ ವ್ಯಥೆಯಾಗುತ್ತದೆ.

ಪ್ರವಾದಿವರ್ಯರಿಗೆ(ಸ) ಅವತೀರ್ಣವಾದ ಪ್ರಥಮ ಆದೇಶವೇ ಓದಿನದ್ದು ಎಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅದೇ ಪ್ರವಾದಿ(ಸ) ಪ್ರಯೋಜನವಿಲ್ಲದ ಜ್ಞಾನದಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು ಎಂಬುದನ್ನು ಅಷ್ಟಾಗಿ ನೆನಪಿಸಿಕೊಳ್ಳುವುದಿಲ್ಲ. ಆಯುಸ್ಸನ್ನು ಯಾವುದರಲ್ಲಿ ಕಳೆದೆ ಎಂದು ನಾಳೆ ಪರಲೋಕದಲ್ಲಿ ಪ್ರತಿಯೊಬ್ಬನನ್ನೂ ಕೇಳಲಾಗುವುದು. ಓದಿನ ಗಂಟೆಗಳು ಆ ಲೆಕ್ಕದಿಂದ ಹೊರಗಿಲ್ಲ. ತಿಂಗಳಿಗೆ ಎರಡು ಪುಸ್ತಕ ಮುಗಿಸುವವನು ವರ್ಷಕ್ಕೆ 24 ಪುಸ್ತಕಗಳನ್ನು ಓದುತ್ತಾನೆ. 40 ವರ್ಷ ಬಿಡದೆ ಓದಿದರೂ 960. ಜೀವಮಾನದ ಓದು ಒಂದು ಸಾವಿರವನ್ನೂ ಮುಟ್ಟದು. ಹೀಗಿರುವಾಗ ನಿರುಪಯುಕ್ತವೆಂದು ಮನವರಿಕೆಯಾದ ಪುಸ್ತಕವನ್ನು ಕೆಳಗಿಡುವುದು ದೋಷವಲ್ಲ. ಹಟಕ್ಕೆ ಬಿದ್ದು ಅದನ್ನು ಮುಗಿಸುವುದೇ ನಷ್ಟ.

ಆದ್ದರಿಂದ ಆಯ್ಕೆಯಲ್ಲಿ ಎಚ್ಚರ ಬೇಕು. ಹದೀಸ್ ವಿದ್ವಾಂಸರು ಮಾತನ್ನು ಸ್ವೀಕರಿಸುವ ಮುನ್ನ ಅದನ್ನು ಯಾರು ಯಾರಿಂದ ಕೇಳಿದರು ಎಂದು ವಿಚಾರಿಸುತ್ತಿದ್ದರು. ಅದೇ ಅಭ್ಯಾಸ ನಮಗೂ ದಾರಿ ತೋರುತ್ತದೆ. ಲೇಖಕನಿಗೆ ಆ ವಿಷಯದಲ್ಲಿ ಪರಿಶ್ರಮವಿದೆಯೇ ಎಂದು ನೋಡಬೇಕು. ಮುನ್ನುಡಿಯನ್ನೂ ಪರಿವಿಡಿಯನ್ನೂ ಓದಿ, ನಡುವಿನ ಒಂದು ಅಧ್ಯಾಯವನ್ನು ತೆರೆದು ನೋಡಬೇಕು. ಆರಂಭದ ಪುಟಗಳನ್ನು ಎಲ್ಲರೂ ಚೆಂದವಾಗಿಯೇ ಬರೆದಿರುತ್ತಾರೆ. ಧಾರ್ಮಿಕ ಕೃತಿಯಾದರೆ ಉದ್ಧರಿಸಿದ ಹದೀಸ್ ಯಾವ ಗ್ರಂಥದ್ದೆಂದು ಹೇಳಿದ್ದಾರೆಯೇ ಎಂದು ಗಮನಿಸಬೇಕು. ಅನುವಾದವಾದರೆ ಎರಡು ಪುಟಗಳನ್ನು ಗಟ್ಟಿಯಾಗಿ ಓದಿ ನೋಡಬೇಕು. ಕಿವಿಗೆ ಕನ್ನಡವೆನಿಸದ ಅನುವಾದ ಮನಸ್ಸಿಗೂ ಇಳಿಯದು. ಇಷ್ಟಾದ ಮೇಲೂ ಐವತ್ತು ಪುಟಗಳಷ್ಟು ಸಾಗಿ, ಏನೂ ದಕ್ಕಲಿಲ್ಲವೆಂದಾದರೆ ನಿಸ್ಸಂಕೋಚವಾಗಿ ಹಿಂತಿರುಗಿಸಬಹುದು.

ಆದರೆ ಏನೂ ದಕ್ಕಲಿಲ್ಲ ಎಂಬ ತೀರ್ಪನ್ನು ಕೊಡುವಾಗ ನಾವು ನಮ್ಮನ್ನೇ ವಂಚಿಸಿಕೊಳ್ಳುವ ಸಾಧ್ಯತೆಯಿದೆ. ಪುಸ್ತಕ ಟೊಳ್ಳೋ, ನಮ್ಮ ಸಿದ್ಧತೆ ಸಾಲದೋ? ಇಬ್ನು ಸೀನಾ ತಮ್ಮ ಆತ್ಮಕಥನದಲ್ಲಿ ಒಂದು ಪ್ರಸಂಗವನ್ನು ಹೇಳಿಕೊಂಡಿದ್ದಾರೆ. ಅರಿಸ್ಟಾಟಲನ ತತ್ವಶಾಸ್ತ್ರದ ಗ್ರಂಥವೊಂದನ್ನು ಅವರು ನಲವತ್ತು ಬಾರಿ ಓದಿದರು. ಅದು ಬಾಯಿಪಾಠವಾಯಿತು, ಅರ್ಥವಾಗಲಿಲ್ಲ. ಇದು ನನ್ನಿಂದಾಗದು ಎಂದು ನಿರಾಶೆಯಿಂದ ಕೈಬಿಟ್ಟರು. ಒಂದು ದಿನ ಪುಸ್ತಕದ ಪೇಟೆಯಲ್ಲಿ ದಲ್ಲಾಳಿಯೊಬ್ಬ ಒಂದು ಪುಸ್ತಕವನ್ನು ಮುಂದೊಡ್ಡಿದ. ಬೇಡವೆಂದರೂ ಬಿಡದೆ, ಮಾಲಕನಿಗೆ ಹಣದ ಅಗತ್ಯವಿದೆಯೆಂದು ಹೇಳಿ ಮೂರು ದಿರ್ಹಮ್‌ಗೆ ಮಾರಿದ. ಅದು ಅದೇ ಗ್ರಂಥದ ಉದ್ದೇಶಗಳನ್ನು ಕುರಿತು ಅಲ್ ಫಾರಾಬಿ ಬರೆದ ಕೃತಿಯಾಗಿತ್ತು. ಮನೆಗೆ ಮರಳಿ ಅದನ್ನು ಓದಿದಾಗ ನಲವತ್ತು ಓದಿಗೂ ತೆರೆಯದ ಬಾಗಿಲು ತೆರೆಯಿತು. ಕೃತಜ್ಞತೆಯಿಂದ ಮರುದಿನ ಅವರು ಬಡವರಿಗೆ ದಾನ ಮಾಡಿದರು. ಕಠಿಣ ಪುಸ್ತಕವನ್ನು ಬದಿಗಿಡಬಹುದು, ತಪ್ಪಿಲ್ಲ. ಆದರೆ ಅದನ್ನು ವ್ಯರ್ಥವೆಂದು ಕರೆಯಬಾರದು. ಅದು ನಾವು ಮರಳಿ ಹೋಗಬೇಕಾದ ಮನೆ.

ಇನ್ನು ಕೆಲವು ಪುಸ್ತಕಗಳನ್ನು ನಾವು ಮುಚ್ಚುವುದು ಅವು ನಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿವೆ ಎಂಬ ಕಾರಣಕ್ಕೆ. ತತ್ವಜ್ಞಾನಿಗಳನ್ನು ಖಂಡಿಸಿದ ಇಮಾಮ್ ಗಝ್ಝಾಲಿ(ರ) ಹಾಗೆ ಮಾಡಲಿಲ್ಲ. ಬಗ್ದಾದ್‌ನಲ್ಲಿ ಬೋಧನೆಯ ಹೊರೆಯ ನಡುವೆಯೂ ಬಿಡುವು ಮಾಡಿಕೊಂಡು ಎರಡು ವರ್ಷಗಳೊಳಗೆ ಅವರ ಗ್ರಂಥಗಳನ್ನು ಓದಿದರು. ಬಳಿಕ ಸುಮಾರು ಒಂದು ವರ್ಷ ಅದನ್ನೇ ಮಥಿಸಿದರು. ಒಂದು ವಾದವನ್ನು ಆಳವಾಗಿ ಅರಿಯದೆ ಖಂಡಿಸುವುದು ಕತ್ತಲಲ್ಲಿ ಬಾಣ ಬಿಟ್ಟಂತೆ ಎಂಬುದು ಅವರ ನಿಲುವಿನ ಸಾರ.

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ 1980ರ ದಶಕದಲ್ಲಿ ಬಂದದ್ದು. ನಾವು ದರ್ಸ್‌ನಲ್ಲಿದ್ದಾಗ ಅದು ಧರ್ಮನಿಂದೆಯ ಪುಸ್ತಕವೆಂದು ಕೇಳಿದ್ದೆವು. ಕೇಳಿದ್ದನ್ನೇ ಇತರರಿಗೂ ಹೇಳಿದ್ದೆವು. ಒಮ್ಮೆ ಕಿರಿಯ ಸಹಪಾಠಿಯ ಕೈಯಿಂದ ಅದನ್ನು ಕಿತ್ತುಕೊಂಡದ್ದೂ ಉಂಟು. ಕಾಲೇಜಿನಲ್ಲಿ ಅದನ್ನು ಓದುವ ಸಂದರ್ಭ ಬಂತು. ಲೇಖಕಿಯ ಎಲ್ಲ ಮಾತುಗಳನ್ನು ನಾವು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಆದರೆ ತಲಾಖನ್ನು ಗಂಡಸರು ಕೋಪದ ಆಯುಧವಾಗಿಸಿಕೊಂಡಾಗ ನಾದಿರಾಳಂಥ ಹೆಣ್ಣುಮಗಳ ಬಾಳು ಏನಾಗುತ್ತದೆ ಎಂಬುದನ್ನು ಆ ಪುಟಗಳು ನಮಗೆ ತೋರಿಸಿದವು. ಫಿಕ್‌ಹ್‌ನ ತಲಾಖ್ ಅಧ್ಯಾಯವನ್ನು ನಾವು ಅದಾಗಲೇ ಓದಿದ್ದೆವು. ಆ ಅಧ್ಯಾಯದ ಹಿಂದೆ ಒಬ್ಬ ಹೆಣ್ಣು ನಿಂತಿರುತ್ತಾಳೆಂದು ಮನಸ್ಸಿಗೆ ತಟ್ಟಿದ್ದು ಆ ದಿನ. ಇಂದು ಮದ್ರಸದಲ್ಲಿ ಆ ಪಾಠ ಮಾಡುವಾಗ ನಮ್ಮ ದನಿ ಬೇರೆಯಾಗಿರುವುದಕ್ಕೆ ಅದೂ ಒಂದು ಕಾರಣ.

ಸುದ್ದಿ ಬಂದಾಗ ಪರಿಶೀಲಿಸಿರಿ, ಅರಿಯದೆ ಯಾರಿಗೂ ಹಾನಿ ಮಾಡದಿರಿ ಎಂಬ ಪಾಠ ಅಲ್ ಹುಜುರಾತ್ ಅಧ್ಯಾಯದಲ್ಲಿದೆ. ಪುಸ್ತಕದ ಕುರಿತ ಸುದ್ದಿಗೂ ಅದು ಅನ್ವಯಿಸಬೇಕಲ್ಲವೇ? 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ಹೊಗಳಿದವರನ್ನೂ ತೆಗಳಿದವರನ್ನೂ ನಾವು ಕೇಳಿದೆವು: ಯಾವ ಕಥೆಯನ್ನು ಓದಿದ್ದೀರಿ? ಹೆಚ್ಚಿನವರು ಮೌನವಾದರು. ಓದಿ ಬಿಟ್ಟವನಿಗೆ ಹೇಳಲು ಒಂದು ಕಾರಣವಿರುತ್ತದೆ. ಓದದೆ ಬಿಟ್ಟವನ ಬಳಿ ಇರುವುದು ಇನ್ನೊಬ್ಬರ ಮಾತು ಮಾತ್ರ.

ಹಾಗೆಂದು ಎಲ್ಲವನ್ನೂ ಎಲ್ಲರ ಕೈಗೆ ಕೊಡಬೇಕೆಂದು ನಾವು ಹೇಳುತ್ತಿಲ್ಲ. ಅಶ್ಲೀಲದಿಂದಲೂ ದ್ವೇಷದಿಂದಲೂ ಮಕ್ಕಳನ್ನು ಕಾಪಾಡುವುದು ಹೆತ್ತವರ ಹೊಣೆ. ಆದರೆ ಮಗುವಿನ ಕೈಯಿಂದ ಪುಸ್ತಕವನ್ನು ತೆಗೆದುಕೊಳ್ಳುವ ಮೊದಲು ಅದನ್ನು ನಾವು ಓದಿರಬೇಕು. ಕಾರಣ ಹೇಳದೆ ಕಸಿದ ಪುಸ್ತಕ ದಿಂಬಿನ ಕೆಳಗೆ ಮರಳಿ ಬರುತ್ತದೆ. ಆಗ ಮಗು ಒಬ್ಬಂಟಿಯಾಗಿ ಓದುತ್ತದೆ, ಸಂದೇಹವನ್ನು ಕೇಳಲು ಯಾರೂ ಇರುವುದಿಲ್ಲ.

ಮರುವಾರ ಆ ತಂದೆ ಸಿಕ್ಕಾಗ ನಾವು ಹೇಳಿದ್ದಿಷ್ಟು: "ಮುಗಿಸಿದೆಯಾ ಎಂದು ಮಗಳನ್ನು ಕೇಳಬೇಡಿ. ಏಕೆ ಬಿಟ್ಟೆ ಎಂದು ಕೇಳಿ, ಅವಳ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ಸಾಧ್ಯವಾದರೆ ಅವಳು ಬಿಟ್ಟ ಒಂದು ಪುಸ್ತಕವನ್ನು ನೀವೂ ಓದಿ." ಮಾತನ್ನು ಗಮನವಿಟ್ಟು ಕೇಳಿ ಅದರಲ್ಲಿ ಅತ್ಯುತ್ತಮವಾದುದನ್ನು ಅನುಸರಿಸುವವರನ್ನು ಅಲ್ಲಾಹನು ಅಝ್ಝುಮರ್ ಅಧ್ಯಾಯದಲ್ಲಿ ಪ್ರಶಂಸಿಸಿದ್ದಾನೆ. ಕೇಳಿಸಿಕೊಳ್ಳದವನಿಗೆ ಉತ್ತಮವಾದುದನ್ನು ಆರಿಸಿಕೊಳ್ಳುವ ಅವಕಾಶವೇ ಇಲ್ಲ.

ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಪ್ರಯೋಜನಕಾರಿಯಾದ ಜ್ಞಾನವನ್ನು ಕರುಣಿಸಲಿ. ಆಮೀನ್.