ಹಾಡಿನ ಒಡತಿ ಯಾರು?

ಬೀದರಿನ ಸೋದರಿಯರೆ, ಟೇಪ್‌ರೆಕಾರ್ಡರಿನ ಕಾಲ ನೆನಪಿದೆಯಲ್ಲ? ಸುರುಳಿ ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆವು! ಆಗ ಬಿ. ಕೆ. ಸುಮಿತ್ರಾ ಅವರ ಕಂಠದಲ್ಲಿ ಜಾನಪದ ಗೀತೆಗಳು ಮನೆಮನೆಗೆ ಬಂದವು. ಅವರ ಹುಟ್ಟೂರು ಬಿದರೆ. ನಮ್ಮ ಬೀದರ ಅಲ್ಲ ಮತ್ತೆ, ಅದು ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲ್ಲೂಕಿನ ಹಳ್ಳಿ. ಮಲೆನಾಡಿನ ಮಗಳ ದನಿಗೆ ನಮ್ಮ ಕಡೆಯವರೂ ತಲೆದೂಗಿದರು.

ಜಾನಪದದ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಗಾಯಕಿಯ ಹೆಸರು, ಸಂಗೀತದವರ ಹೆಸರು, ಕಂಪನಿಯ ಹೆಸರು ಇರುತ್ತಿದ್ದವು. ಸಾಹಿತ್ಯ ಎಂಬಲ್ಲಿ ಮಾತ್ರ ‘ಜನಪದ’ ಅಂತ ಒಂದೇ ಮಾತು. ಯಾರ್ರೀ ಈ ಜನಪದ? ನಸುಕಿನಲ್ಲೆದ್ದು, ಬೀಸುಕಲ್ಲಿನ ಮುಂದೆ ಕೂತು, ತವರನ್ನು ನೆನೆದು, ಅತ್ತೆಯ ಮಾತು ನುಂಗಿಕೊಂಡು ಪದ ಕಟ್ಟಿದ ಭಾಲ್ಕಿಯ ಆಯಿ, ಔರಾದದ ಆಯಿ. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಅಚ್ಚು ಹಾಕಿಸಿ ಅಂಥ ಪದಗಳನ್ನು ಉಳಿಸಿದ್ದು ದೊಡ್ಡ ಉಪಕಾರ. ಆದರೂ ಪುಸ್ತಕದ ಹೆಸರಿನಲ್ಲಿ ಆಕೆ ಬರೀ ‘ಗರತಿ’.

ಔರಾದ, ಭಾಲ್ಕಿ ಕಡೆ ಕನ್ನಡದ ಜೋಡಿ ಮರಾಠಿಯೂ ಉಂಟಷ್ಟೆ. ಮರಾಠಿಯ ಬೀಸುವ ಪದಗಳಾದ ಓವಿಗಳನ್ನು ಪುಣೆಯ ಹೇಮಾ ರಾಯರ್ಕರ್, ಗೀ ಪ್ವಾತೆವ್ಯಾಂ ಎಂಬಿಬ್ಬರು ಒಂದು ಲಕ್ಷಕ್ಕೂ ಮಿಕ್ಕಿ ಕೂಡಿಹಾಕಿದರು. ಹಾಡಿದವಳ ಹೆಸರು, ಊರನ್ನೂ ಬರೆದಿಟ್ಟರು. ನನಗೆ ಹಿಡಿಸಿದ್ದು ಅದೇ.

ಹೆಸರಿನಿಂದೇನು ಅಂತೀರಾ? ಅಮೆರಿಕದ ಹಳ್ಳಿಹಾಡಿಗೆ ‘ಕಂಟ್ರಿ’ ಅಂತಾರೆ. ಟೆನೆಸ್ಸಿಯ ಬಡಮನೆಯ ಡಾಲಿ ಪಾರ್ಟನ್, ತಾಯಿ ಚಿಂದಿ ಕೂಡಿಸಿ (ನಮ್ಮ ಕೌದಿಯ ಹಾಗೇ!) ಹೊಲಿದುಕೊಟ್ಟ ಕೋಟಿನ ಮೇಲೆ ಹಾಡು ಕಟ್ಟಿದರು. ಅದೇ ಹೆಸರಿನ ಆಲ್ಬಮ್ 1971ರಲ್ಲಿ ಬಂದು ಹೆಸರಾಯಿತು. ಮುಂದೆ ಅವರ ಇನ್ನೊಂದು ಹಾಡನ್ನು ಎಲ್ವಿಸ್ ಪ್ರೆಸ್ಲಿ ಹಾಡಬೇಕೆಂದಾಗ, ಹಕ್ಕಿನಲ್ಲಿ ಅರ್ಧ ಕೊಡಿ ಎಂದು ಮ್ಯಾನೇಜರ್ ಕೇಳಿದ. ಡಾಲಿ ಒಲ್ಲೆ ಅಂದರು, ಅಂದು ರಾತ್ರಿ ಅತ್ತರಂತೆ. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಅದನ್ನೇ ಹಾಡಿ ಜಗತ್ತೆಲ್ಲ ಕೇಳಿದಾಗ, ಬರೆದವಳ ಪಾಲು ಬರೆದವಳ ಮನೆಗೇ ಬಂತು.

ನಮ್ಮ ಆಯಿಯ ಹತ್ತಿರ ಕಾಗದಪತ್ರ ಎಲ್ಲಿಂದ ಬರಬೇಕು? ಮೊಬೈಲ್ ಅಂತೂ ನಿಮ್ಮ ಕೈಯಲ್ಲಿದೆ. ಸೀಗಿ ಹುಣ್ಣಿಮೆಗೆ ತವರಿಗೆ ಹೋದಾಗ ಆಕೆಯನ್ನು ಕೇಳಿಯೇ ಪದ ತುಂಬಿಕೊಳ್ರಿ. ಮೊದಲು ಆಕೆಯ ಬಾಯಿಂದಲೇ ಹೆಸರು, ಊರು, ಯಾರಿಂದ ಕಲಿತದ್ದು ಅನ್ನುವುದನ್ನು ಹೇಳಿಸ್ರಿ. ಫ್ಯಾನ್ ಬಂದ್ ಮಾಡ್ರಿ, ಅದರ ಸದ್ದೇ ತುಂಬಿಕೊಂಡೀತು. ಮೂಲೆಯ ಬೀಸುಕಲ್ಲು ಹೊರಗೆಳೆದು ಒಂದು ಹಿಡಿ ಜೋಳ ಹಾಕಿಕೊಟ್ಟರೆ ಇನ್ನೂ ಚಲೋ. ಕೈ ತಿರುಗದೆ ಪದ ನೆನಪಾಗೋದಿಲ್ಲ ಅನ್ನುವವರೇ ಬಹಳ.