ಕಾರಿನ ಹಂಗಿಲ್ಲದ ಸೈಕಲ್ ಪ್ರವಾಸ

ಸೈಕಲ್ ಪ್ರವಾಸದ ಚಿತ್ರಗಳಲ್ಲಿ ಸಾಮಾನ್ಯವಾಗಿ ಒಂದು ವಸ್ತು ಚೌಕಟ್ಟಿನ ಹೊರಗೆ ಉಳಿದಿರುತ್ತದೆ. ಅದು ಸೈಕಲ್ಲನ್ನು ಅಲ್ಲಿಯವರೆಗೆ ಹೊತ್ತು ತಂದ ಕಾರು. ಮುಂಜಾನೆ ನಗರದಿಂದ ಹೊರಟ ಕಾರು ಕಾಡಿನ ಅಂಚಿನಲ್ಲಿ ನಿಲ್ಲುತ್ತದೆ; ಹಿಂಬದಿಯಿಂದ ಸೈಕಲ್ಲು ಇಳಿಯುತ್ತದೆ; ಸಂಜೆ ಎರಡೂ ಒಟ್ಟಿಗೆ ಮರಳುತ್ತವೆ. ಹೀಗೆ ಪ್ರವಾಸ ಮಾಡುವವರ ಮೇಲೆ ನನಗೆ ಆಕ್ಷೇಪವೇನೂ ಇಲ್ಲ. ಆದರೆ ಕಾರೇ ಇಲ್ಲದವನು ಏನು ಮಾಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಮನೆಯ ಬಾಗಿಲಿನಿಂದ ಸೈಕಲ್ಲಿನಲ್ಲೇ ಹೊರಟು, ರೈಲು ದೋಣಿಗಳ ನೆರವಿನಿಂದ ನದಿಕಣಿವೆಗಳನ್ನೂ ಕೆರೆಕಾಯಲುಗಳನ್ನೂ ಕಂಡು ಬರುವ ಪ್ರವಾಸ ನಮ್ಮಲ್ಲಿ ಸಾಧ್ಯವೇ? ಉದ್ಯೋಗನಿಮಿತ್ತ ಪೆರಿಯಾರ್ ದಂಡೆಯ ಆಲುವದಲ್ಲಿ ನೆಲೆಸಿರುವ ನನಗೆ ಇದು ಸಾಧ್ಯವೆಂದೇ ತೋರುತ್ತದೆ. ಅದಕ್ಕೆ ಹೊಸ ರಸ್ತೆಗಳ ಅಗತ್ಯ ಅಷ್ಟಾಗಿ ಇಲ್ಲ. ಇರುವ ಹಳಿ, ದೋಣಿ, ಕಾಲುವೆದಂಡೆಗಳಲ್ಲಿ ಸೈಕಲ್ಲಿಗೂ ಒಂದು ಸ್ಥಾನವಿದೆಯೆಂದು ಒಪ್ಪಿದರೆ ಸಾಕು.

ಈ ಬಗೆಯ ಪ್ರವಾಸ ಹುಟ್ಟಿದ್ದೇ ಸಣ್ಣ ಸಂಬಳದವರ ನಡುವೆ. ಎಚ್.ಜಿ. ವೆಲ್ಸ್ 1896ರಲ್ಲಿ ಪ್ರಕಟಿಸಿದ 'ದಿ ವೀಲ್ಸ್ ಆಫ್ ಚಾನ್ಸ್' ಕಾದಂಬರಿಯ ನಾಯಕ ಜವಳಿ ಅಂಗಡಿಯೊಂದರ ಸಹಾಯಕ. ವರ್ಷಕ್ಕೊಮ್ಮೆ ದೊರೆಯುವ ಹತ್ತು ದಿನಗಳ ರಜೆಯಲ್ಲಿ ಅವನು ಸೈಕಲ್ಲೇರಿ ದಕ್ಷಿಣ ಇಂಗ್ಲೆಂಡನ್ನು ಸುತ್ತುತ್ತಾನೆ. ಕುದುರೆಗಾಡಿಯನ್ನು ಕನಸಿನಲ್ಲೂ ಕಾಣಲಾರದವನಿಗೆ ಸೈಕಲ್ಲು ದೇಶವನ್ನೇ ತೆರೆದುಕೊಟ್ಟಿತು. 1970ರ ದಶಕದಲ್ಲಿ ಇವಾನ್ ಇಲಿಚ್ ಇದನ್ನೇ ಶಕ್ತಿಯ ಲೆಕ್ಕದಲ್ಲಿ ಹೇಳಿದ: ಸೈಕಲ್ಲೇರಿದ ಮನುಷ್ಯ ನಡೆಯುವವನಿಗಿಂತ ಮೂರು ನಾಲ್ಕು ಪಟ್ಟು ವೇಗವಾಗಿ ಸಾಗುತ್ತಾನೆ, ಖರ್ಚಾಗುವ ಶಕ್ತಿ ಮಾತ್ರ ಐದರಲ್ಲೊಂದು ಪಾಲು. ನಮ್ಮ ಸರ್ಕಾರಕ್ಕೂ ಇದು ತಿಳಿಯದ ಸಂಗತಿಯಾಗಿರಲಿಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ ಬಡ್ಡಿರಹಿತ ಬೈಸಿಕಲ್ ಮುಂಗಡವೆಂಬ ಸೌಲಭ್ಯ ಬಹುಕಾಲ ಇತ್ತು. ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2016ರಲ್ಲಿ ಅದು ನಿಂತಿತು. ಆ ಮೊತ್ತ ನಿಂತದ್ದರಿಂದ ಯಾರೂ ಬಡವಾಗಲಿಲ್ಲ. ಆದರೂ ಸೈಕಲ್ಲನ್ನು ಒಂದು ವಾಹನವೆಂದು ಗಣಿಸಿದ್ದ ಸಾಲೊಂದು ಕಡತದಿಂದ ಅಳಿಯಿತು. ಈಗ ಆಡಳಿತದ ಕಣ್ಣಿಗೆ ಸೈಕಲ್ಲೆಂದರೆ ಒಂದೋ ಶಾಲಾಮಕ್ಕಳಿಗೆ ಹಂಚುವ ವಸ್ತು, ಇಲ್ಲವೇ ಭಾನುವಾರ ಬೆಳಗಿನ ವ್ಯಾಯಾಮದ ಸಾಧನ. ಅದರ ಮೇಲೆ ಊರಿಂದೂರಿಗೆ ಹೋಗುವವನು ಈ ಎರಡು ವರ್ಗಗಳಲ್ಲಿ ಎಲ್ಲಿಯೂ ಸೇರುವುದಿಲ್ಲ.

ಆಲುವ ಇಂಥವನಿಗಾಗಿಯೇ ಇರುವಂತಿದೆ. ಊರನ್ನು ಮುಖ್ಯ ರೈಲುಮಾರ್ಗ ಹಾಯುತ್ತದೆ. 2017ರಲ್ಲಿ ಆರಂಭವಾದ ಕೊಚ್ಚಿ ಮೆಟ್ರೊ ಇಲ್ಲಿಂದಲೇ ಹೊರಡುತ್ತದೆ. ಪಶ್ಚಿಮ ಘಟ್ಟದಿಂದ 244 ಕಿಲೋಮೀಟರ್ ಹರಿಯುವ ಪೆರಿಯಾರ್ ಇಲ್ಲಿ ಕವಲೊಡೆದು ಹಿನ್ನೀರಿನತ್ತ ಸಾಗುತ್ತದೆ. ಪೂರ್ವಕ್ಕೆ ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿ ಕಾಲಟಿ, ಅದರಾಚೆ ಮಲಯಾಟ್ಟೂರು, ಮುಂದೆ ನದಿ ದಾಟಿದರೆ ಕೋಡನಾಡು, ಇನ್ನೂ ಮೇಲೆ ಭೂತತ್ತಾನ್‌ಕೆಟ್ಟು ಅಣೆಕಟ್ಟೆ, ಸಾಲಿಂ ಅಲಿಯವರ ಹೆಸರು ಹೊತ್ತ ತಟ್ಟೇಕಾಡ್ ಪಕ್ಷಿಧಾಮ. ಎಲ್ಲವೂ ಸೇರಿ ಐವತ್ತು ಅರವತ್ತು ಕಿಲೋಮೀಟರ್. ಮಧ್ಯಮ ವಯಸ್ಸಿನ, ಮೇಜಿನ ಮುಂದೆ ಕುಳಿತು ದುಡಿಯುವ ಮನುಷ್ಯನೂ ನಡುವೆ ಒಂದು ರಾತ್ರಿ ತಂಗಿ ಕ್ರಮಿಸಬಹುದಾದ ದೂರ. ಕೇರಳದ ಊರುಗಳು ಒಂದಕ್ಕೊಂದು ಅಂಟಿಕೊಂಡೇ ಬೆಳೆದಿರುವುದರಿಂದ ಕಣಿವೆಯ ಕೆಳಭಾಗದಲ್ಲಿ ಚಹಾದಂಗಡಿಯಿಲ್ಲದ ದೀರ್ಘ ಹಾದಿಯೇ ಇಲ್ಲ. ಹಿಂದೆ ಸಾಮಾನಿನ ವಾಹನ ಬರಬೇಕಾದ ಅಗತ್ಯವೂ ಇಲ್ಲ.

ಕನ್ನಡಿಗರಿಗೆ ಕಾಲಟಿ ಹೊಸತಲ್ಲ. ಶಂಕರರ ಈ ಜನ್ಮಸ್ಥಳವನ್ನು ಗುರುತಿಸಿ, 1910ರಲ್ಲಿ ಇಲ್ಲಿ ಶಾರದೆಯನ್ನೂ ಶಂಕರರನ್ನೂ ಪ್ರತಿಷ್ಠಾಪಿಸಿದವರು ಶೃಂಗೇರಿಯ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳು. ಕರ್ನಾಟಕದಿಂದ ಬರುವ ಪ್ರವಾಸಿ ಬಸ್ಸುಗಳು ಇಲ್ಲಿ ನಿಲ್ಲುತ್ತವೆ. ಯಾತ್ರಿಕರು ದರ್ಶನ ಮುಗಿಸಿ, ಮೊಸಳೆ ಕಡವಿನಲ್ಲಿ ಕಾಲು ತೊಳೆದು, ಗುರುವಾಯೂರಿಗೋ ಕೊಚ್ಚಿಗೋ ಧಾವಿಸುತ್ತಾರೆ. ದೇಶವನ್ನು ಕಾಲ್ನಡಿಗೆಯಲ್ಲಿ ಸುತ್ತಿದನೆಂದು ನಾವು ಕೊಂಡಾಡುವ ಯತಿಯ ಊರನ್ನು ಹೀಗೆ ನೋಡುವುದು ನನಗೆ ಸರಿಕಾಣುವುದಿಲ್ಲ. ಮಲಯಾಟ್ಟೂರಿನ ಕುರಿಶುಮುಡಿಗೆ ತಪಸ್ಸುಕಾಲದಲ್ಲಿ ಶಿಲುಬೆ ಹೊತ್ತು ನಡೆದುಬರುವ ಕ್ರೈಸ್ತರಿಗೂ, ಶಬರಿಮಲೆಗೆ ನಡೆಯುವ ಅಯ್ಯಪ್ಪ ಭಕ್ತರಿಗೂ ಈ ನಾಡು ರಸ್ತೆಯಂಚಿನಲ್ಲಿ ಜಾಗ ಬಿಟ್ಟುಕೊಡುತ್ತದೆ. ನಿಧಾನವಾಗಿ ಹೋಗುವವನನ್ನು ಗೌರವಿಸುವ ಸಂಸ್ಕಾರ ಇಲ್ಲಿ ಇದೆಯೆಂದಾಯಿತು. ವ್ರತವಿಲ್ಲದೆ ನಿಧಾನವಾಗಿ ಹೋಗುವವನಿಗೂ ಅದನ್ನು ವಿಸ್ತರಿಸಿದರೆ ತಪ್ಪೇನು?

ತೊಡಕಿರುವುದು ಮುಖ್ಯರಸ್ತೆಗಳಲ್ಲಿ. ರಾಷ್ಟ್ರೀಯ ಹೆದ್ದಾರಿಯಲ್ಲಾಗಲಿ, ಕಾಲಟಿಯನ್ನು ಹಾಯುವ ಎಂ.ಸಿ. ರಸ್ತೆಯಲ್ಲಾಗಲಿ ಖಾಸಗಿ ಬಸ್ಸುಗಳ ಪಕ್ಕದಲ್ಲಿ ಸೈಕಲ್ ತುಳಿಯಿರೆಂದು ನಾನು ಯಾರಿಗೂ ಹೇಳಲಾರೆ. ಆದರೆ ಬೇರೆ ದಾರಿಗಳಿವೆ. ಯುರೋಪಿನಲ್ಲಿ ಪಸ್ಸೌದಿಂದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿಯ ಗುಂಟ ಸುಮಾರು 320 ಕಿಲೋಮೀಟರಿನ ಸೈಕಲ್ ಮಾರ್ಗವಿದೆ. ಅದರ ಬಹುಭಾಗ, ಹಿಂದೆ ಕುದುರೆಗಳು ದೋಣಿಗಳನ್ನು ಪ್ರವಾಹಕ್ಕೆದುರಾಗಿ ಎಳೆಯುತ್ತಿದ್ದ ದಂಡೆಯ ಹಾದಿಯೇ. ಕೆಲಸ ಮುಗಿದ ಹಾದಿಯನ್ನು ಅವರು ಸೈಕಲ್ಲಿಗೆ ಬಿಟ್ಟುಕೊಟ್ಟರು. ನಮ್ಮಲ್ಲಿ ಭೂತತ್ತಾನ್‌ಕೆಟ್ಟಿನಿಂದ ಹೊರಡುವ ಪೆರಿಯಾರ್ ಕಣಿವೆ ನೀರಾವರಿ ಯೋಜನೆಯ ಕಾಲುವೆಗಳು ಎರ್ನಾಕುಲಂ ಜಿಲ್ಲೆಯ ಹಳ್ಳಿಗಳ ನಡುವೆ ಕವಲುಕವಲಾಗಿ ಹರಡಿವೆ. ಅವುಗಳ ದಂಡೆಯ ಮೇಲೆ ಹಾದಿಗಳಿವೆ. ಕೆಲವೆಡೆ ಡಾಂಬರು, ಕೆಲವೆಡೆ ಹುಲ್ಲು. ಕಾಲುವೆಯೆಂದ ಮೇಲೆ ಏರು ಅಲ್ಪ. ಬೇಸಿಗೆಯ ಬೆಳೆಗೆ ನೀರು ಬಿಡುವ ತಿಂಗಳುಗಳೂ ಸೈಕಲ್ಲಿಗೆ ಹೇಳಿಸಿದ ಒಣ ತಿಂಗಳುಗಳೂ ಬಹುಮಟ್ಟಿಗೆ ಒಂದೇ. ಹೊರಗಿನ ವಾಹನಗಳಿಗೆ ಅಲ್ಲಲ್ಲಿ ತಡೆಗಲ್ಲು ನೆಟ್ಟು, ಸೈಕಲ್ಲಿಗೆ ದಿಕ್ಕು ತೋರುವ ಫಲಕ ಹಾಕಿದರೆ ಮಾರ್ಗ ಸಿದ್ಧ. ದಂಡೆಯ ನಿವಾಸಿಗಳ ವಾಹನಗಳಿಗೆ ಅಡ್ಡಿಯಾಗಬಾರದು, ಅಷ್ಟೆ. ಅಲಂಕಾರದ ಕಾಂಕ್ರೀಟ್ ಪಥ ಬೇಡವೆಂಬುದಕ್ಕೆ ಇನ್ನೊಂದು ಕಾರಣವಿದೆ: 1924ರಲ್ಲೂ 2018ರಲ್ಲೂ ಪೆರಿಯಾರ್ ತನ್ನ ದಂಡೆ ಯಾವುದೆಂದು ತಾನೇ ತೋರಿಸಿಕೊಟ್ಟಿದೆ.

ಇನ್ನು ಹಳಿಯ ಮಾತು. ಕೊಚ್ಚಿ ಮೆಟ್ರೊ 2020ರ ನವೆಂಬರಿನಲ್ಲಿ ಕೆಲವು ನಿಲ್ದಾಣಗಳಲ್ಲಿ, ಬಳಿಕ ಎಲ್ಲೆಡೆ, ಪ್ರಯಾಣಿಕರು ಸೈಕಲ್ಲಿನೊಡನೆ ಗಾಡಿ ಹತ್ತಲು ಅನುಮತಿ ನೀಡಿತು. ಬೆಂಗಳೂರಿನ ನಮ್ಮ ಮೆಟ್ರೊ ಒಪ್ಪಿರುವುದು ಮಡಚುವ ಸೈಕಲ್ಲನ್ನು ಮಾತ್ರ. ಕೊಚ್ಚಿಯ ಈ ಒಂದು ನಿರ್ಧಾರದಿಂದ ನಗರದ ನಡುವೆ ವಾಸಿಸುವವನಿಗೂ ಪೆರಿಯಾರ್ ಕಣಿವೆಯ ಬಾಗಿಲು ತೆರೆಯಿತು. ಕಣಿವೆಯವನಿಗೆ ಕಾಯಲಿನ ಬಾಗಿಲು ತೆರೆಯಿತು. ಫೋರ್ಟ್ ಕೊಚ್ಚಿಯಿಂದ ವೈಪಿನ್‌ಗೆ ವಾಹನಗಳನ್ನು ದಾಟಿಸುವ ರೋ-ರೋ ದೋಣಿಯಿದೆ. ವೈಕಂ ಮತ್ತು ತವಣಕ್ಕಡವು ನಡುವೆ 2017ರಿಂದ ಸೌರದೋಣಿ ಓಡುತ್ತಿದೆ. ವೇಂಬನಾಡ್ ಸುತ್ತುವವನಿಗೆ ಇಂಥ ಪ್ರತಿಯೊಂದು ದೋಣಿಯಲ್ಲಿಯೂ ನಾಲ್ಕು ಸೈಕಲ್ಲು ನಿಲ್ಲುವಷ್ಟು ಜಾಗ ನಿಶ್ಚಿತವಾಗಿ ಸಿಕ್ಕುವಂತಾಗಬೇಕು. ದೊಡ್ಡ ರೈಲಿನಲ್ಲಿ ಸೈಕಲ್ಲು ಇನ್ನೂ ಸಾಮಾನು. ಅದನ್ನು ಮುಂಚಿತವಾಗಿ ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಒಪ್ಪಿಸಬೇಕು. ವರ್ಗವಾದವನು ಮನೆಸಾಮಾನು ಸಾಗಿಸಲು ಈ ಕ್ರಮ ಸರಿಯಾದದ್ದೇ. ಎರಡು ದಿನದ ರಜೆಯಲ್ಲಿ ಹೊರಟವನಿಗೆ ಮಾತ್ರ ಇದು ಪ್ರಯಾಣವನ್ನೇ ಕೈಬಿಡಲು ಸಾಕಾದಷ್ಟು ತೊಡಕು. ಜರ್ಮನಿ, ಆಸ್ಟ್ರಿಯಗಳ ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ಲಿಗೊಂದು ಟಿಕೆಟ್ ಕೊಂಡು ಜೊತೆಗೇ ಹತ್ತಬಹುದು. ಆಲುವ ಸೇರಿರುವ ತಿರುವನಂತಪುರ ರೈಲ್ವೆ ವಿಭಾಗ, ಜನಸಂದಣಿಯಿಲ್ಲದ ವೇಳೆಯ ಮೆಮು ಗಾಡಿಗಳಲ್ಲಿ ಒಂದು ಮೂಲೆಯನ್ನು ಹೀಗೆ ಬಿಟ್ಟು ನೋಡಬಹುದು. ಟಿಕೆಟ್ಟಿನ ಹಣ ಕೊಡಲು ನಾವು ಹಿಂಜರಿಯುವುದಿಲ್ಲ.

ಕಾಡಿನ ವಿಷಯದಲ್ಲಿ ಸೈಕಲ್ ಪ್ರಿಯರೊಡನೆಯೇ ನನಗೆ ಭಿನ್ನಾಭಿಪ್ರಾಯವಿದೆ. ಆಲುವದಿಂದ ಮುನ್ನಾರಿಗೆ ಹಿಂದೆ ಕುಟ್ಟಂಪುಳ, ಪೂಯಂಕುಟ್ಟಿ, ಮಾಂಕುಳಂಗಳ ಮೂಲಕ ಒಂದು ರಸ್ತೆಯಿತ್ತು. 1924ರ ಮಹಾಪ್ರವಾಹ ಅದನ್ನು ಕೊಚ್ಚಿತು. ಅದರ ಬದಲಿಗೆ ನೇರ್ಯಮಂಗಲಂ ಮೂಲಕ ಇಂದಿನ ರಸ್ತೆ ಬಂತು. ರಾಜಪಥವೆಂದು ಕರೆಯುವ ಆ ಹಳೆಯ ದಾರಿಯನ್ನು ಮತ್ತೆ ತೆರೆಯಬೇಕೆಂಬ ಬೇಡಿಕೆ ಬಲವಾಗಿದೆ. ಅರಣ್ಯ ಇಲಾಖೆ ವಿರೋಧಿಸುತ್ತಿದೆ. ಅಂಚಿನ ಹಳ್ಳಿಗರಿಗೂ ಆದಿವಾಸಿಗಳಿಗೂ ಆಸ್ಪತ್ರೆಗೆ ಹೋಗಲು ರಸ್ತೆ ಬೇಕೆಂಬುದು ನ್ಯಾಯ, ಅದು ಆಗಬೇಕು. ಆದರೆ ಆನೆಗಳ ನೆಲೆಯನ್ನು ಸೀಳಿ ಪ್ರವಾಸಿಗರಿಗಾಗಿ ದಾರಿ ತೆರೆಯುವುದನ್ನು ಒಪ್ಪಲಾಗದು. ಕಾರು ಬೇಡ, ಸೈಕಲ್ಲಿಗೆ ಮಾತ್ರ ಬಿಡಿ ಎನ್ನುವ ಸ್ನೇಹಿತರಿದ್ದಾರೆ. ಸೈಕಲ್ಲು ಹೊಗೆಯುಗುಳುವುದಿಲ್ಲ, ನಿಜ. ಸದ್ದಿಲ್ಲದೆ ತಿರುವಿನಲ್ಲಿ ಎದುರಾಗುವ ಸವಾರನಿಂದ ಆನೆಗೂ ಅಪಾಯ, ಸವಾರನಿಗೂ ಅಪಾಯ. ಬಂಡೀಪುರದಲ್ಲಿ 2009ರಿಂದ ಇರುವ ರಾತ್ರಿ ಸಂಚಾರ ನಿಷೇಧವನ್ನು ಸಮರ್ಥಿಸುವ ಕನ್ನಡಿಗರು ನಾವು. ತತ್ತ್ವ ಅಲ್ಲೊಂದು ಇಲ್ಲೊಂದು ಆಗಬಾರದು. ಮನುಷ್ಯನ ಊರುಗಳು ಮುಗಿಯುವಲ್ಲಿ ಸೈಕಲ್ಲೂ ನಿಲ್ಲಲಿ. ತಟ್ಟೇಕಾಡಿನಲ್ಲಿ ಅದನ್ನು ಬೀಗ ಹಾಕಿ ನಿಲ್ಲಿಸಿ, ಇಲಾಖೆಯ ಮಾರ್ಗದರ್ಶಕನೊಡನೆ ನಡೆದು ಹಕ್ಕಿ ನೋಡಿದರೆ ಯಾರ ಘನತೆಗೂ ಕುಂದಿಲ್ಲ.

ಬಿಸಿಲು, ಬೆವರು, ಮಳೆಯೆಂಬ ಆಕ್ಷೇಪಗಳನ್ನು ನಾನು ಅಲ್ಲಗಳೆಯುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಮುಂಜಾನೆಗಳು ಒಳ್ಳೆಯವು. ಹನ್ನೊಂದು ಗಂಟೆಯ ನಂತರ ಮರದ ನೆರಳು ಹುಡುಕಬೇಕು. ಇಷ್ಟಕ್ಕೆ ಪ್ರವಾಸ ಅಸಾಧ್ಯವಾಗುವುದಿಲ್ಲ. ಈ ಊರುಗಳಲ್ಲಿ ಮೀನು ಮಾರುವವರು, ಲಾಟರಿ ಮಾರುವವರು ಇದೇ ಬಿಸಿಲಿನಲ್ಲಿ ಸೈಕಲ್ ತುಳಿಯುತ್ತಾರೆ. ಪ್ರವಾಸಿಗನಿಗೆಂದು ಹಾಕುವ ತಡೆಗಲ್ಲು, ಫಲಕ, ದೋಣಿಯ ಮೂಲೆ ಮೊದಲು ಉಪಯೋಗಕ್ಕೆ ಬರುವುದು ಅವರಿಗೆ. ಸರ್ಕಾರ ಅವರ ಸಲುವಾಗಿಯಾದರೂ ಈ ಕೆಲಸ ಮಾಡಲಿ; ರಜೆಯ ದಿನಗಳಲ್ಲಿ ನಾವು ಅವರ ಹಿಂದೆ ತುಳಿದುಕೊಂಡು ಬರುತ್ತೇವೆ.